ಆನೆಯ ಆಟ, ನೋಡುಗರ ನೋಟ

ರಜೆಯ ದಿನ ಮೃಗಾಲಯಕ್ಕೆ ಹೋದವರು ಹುಲಿ ಪೊದೆಯ ಮರೆಯಲ್ಲಿ ಮಲಗಿದ್ದರೆ ಬೇಸರದಿಂದ ಮುಂದೆ ಸಾಗುತ್ತಾರೆ. ಆನೆಯ ಆವರಣದ ಮುಂದೆ ಹಾಗಲ್ಲ. ಅಲ್ಲಿ ಎಲ್ಲರೂ ನಿಲ್ಲುತ್ತಾರೆ. ಆನೆ ಮರೆಯಲ್ಲಿ ಅಡಗುವ ಪ್ರಾಣಿಯೂ ಅಲ್ಲ, ಸುಮ್ಮನಿರುವ ಪ್ರಾಣಿಯೂ ಅಲ್ಲ. ಒಂದು ಆನೆ ಸೊಂಡಿಲಿನಲ್ಲಿ ಮಣ್ಣು ಎತ್ತಿ ಬೆನ್ನ ಮೇಲೆ ಎರಚಿಕೊಳ್ಳುತ್ತಿರುತ್ತದೆ. ಇನ್ನೊಂದು ಹಳೆಯ ಟೈರನ್ನೋ ಮರದ ದಿಮ್ಮಿಯನ್ನೋ ಕಾಲಿನಿಂದ ಒತ್ತಿ, ಉರುಳಿಸಿ, ಮತ್ತೆ ಎಳೆದು ತರುತ್ತಿರುತ್ತದೆ. ಮತ್ತೊಂದು ನಿಂತಲ್ಲೇ ನಿಂತು ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತ, ತಾಳ ಹಿಡಿದಂತೆ ಕಾಲು ಬದಲಿಸುತ್ತಿರುತ್ತದೆ. ‘ನೋಡು ಪುಟ್ಟಾ, ಆನೆ ಆಟ ಆಡ್ತಾ ಇದೆ’ ಎಂದು ಅಪ್ಪ ಅಮ್ಮಂದಿರು ಮೂರನ್ನೂ ಒಂದೇ ಮಾತಿನಲ್ಲಿ ಮಕ್ಕಳಿಗೆ ತೋರಿಸುತ್ತಾರೆ. ಮೂರನೆಯದಕ್ಕೆ ಚಪ್ಪಾಳೆ ಹೆಚ್ಚು. ಅದು ಕುಣಿತದಂತೆ ಕಾಣುತ್ತದಲ್ಲ!

ಪ್ರಾಣಿಗಳ ವರ್ತನೆಯನ್ನು ಅಭ್ಯಾಸ ಮಾಡಿದವರ ಕಣ್ಣಿಗೆ ಈ ಮೂರೂ ಬೇರೆ ಬೇರೆ. ಮೊದಲನೆಯದು ಮೈ ಕಾಯ್ದುಕೊಳ್ಳುವ ಕೆಲಸ. ಬಿಸಿಲು ಮತ್ತು ಕೀಟಗಳ ಕಾಟದಿಂದ ಚರ್ಮವನ್ನು ರಕ್ಷಿಸಲು ಆನೆ ಮಣ್ಣು ಹೊದೆಯುತ್ತದೆ. ಎರಡನೆಯದು ಬಹುಮಟ್ಟಿಗೆ ಆಟವೇ. ಮೂರನೆಯದು ಆಟವೂ ಅಲ್ಲ, ಕುಣಿತವೂ ಅಲ್ಲ. ಬದುಕಿಗೆ ಬೇಕಾದ್ದು ಸಿಗದ ಕಡೆ ಹುಟ್ಟಿಕೊಳ್ಳುವ ಒಂದು ಗೀಳು. ಇವನ್ನು ಬೇರ್ಪಡಿಸಿ ನೋಡುವುದು ಕೇವಲ ಪಂಡಿತರ ಚರ್ಚೆಯಲ್ಲ. ಆವರಣದೊಳಗಿನ ಆನೆ ಹೇಗೆ ಬದುಕುತ್ತಿದೆ ಎಂಬುದನ್ನು ಹೊರಗೆ ನಿಂತವರು ತಿಳಿಯಲು ಇರುವ ಸುಲಭ ದಾರಿಗಳಲ್ಲಿ ಅದರ ಆಟವೂ ಒಂದು.

ಕನ್ನಡದಲ್ಲಿ ‘ಆಟ’ ಎಂಬ ಪದದ ಹರವು ದೊಡ್ಡದು. ಮಕ್ಕಳ ಕುಂಟೆಬಿಲ್ಲೆಯೂ ಆಟ, ಕರಾವಳಿಯ ಯಕ್ಷಗಾನವೂ ಆಟ, ಟೆಂಟ್ ಸಿನಿಮಾದ ರಾತ್ರಿಯ ಪ್ರದರ್ಶನವೂ ‘ಎರಡನೇ ಆಟ’. ಮೊದಲನೆಯದು ಆಡುವವರ ಸುಖಕ್ಕೆ; ಉಳಿದವು ನೋಡುವವರ ಸುಖಕ್ಕೆ. ಮೃಗಾಲಯದ ಆನೆಯ ವಿಷಯದಲ್ಲಿ ಜನ ಮುಗ್ಗರಿಸುವುದು ಇಲ್ಲಿಯೇ. ತಮಗೆ ಖುಷಿ ಕೊಟ್ಟದ್ದು ಆನೆಗೂ ಖುಷಿ ಎಂದು ತಿಳಿದುಬಿಡುತ್ತಾರೆ.

ಆಟ ಎಂದರೇನು?

ಕೇಳಲು ಸುಲಭವಾದ ಈ ಪ್ರಶ್ನೆ ವಿಜ್ಞಾನಿಗಳನ್ನು ಬಹುಕಾಲ ಕಾಡಿದೆ. ನಾಯಿಮರಿ ಆಡುತ್ತಿದೆ ಎಂದು ಯಾರು ಬೇಕಾದರೂ ಹೇಳಬಲ್ಲರು. ಹೇಗೆ ಗೊತ್ತಾಯಿತು ಎಂದರೆ ಹೇಳುವುದು ಕಷ್ಟ. ಅಮೆರಿಕದ ವಿಜ್ಞಾನಿ ಗಾರ್ಡನ್ ಬರ್ಗಾರ್ಟ್ 2005ರಲ್ಲಿ ಪ್ರಾಣಿಗಳ ಆಟದ ಬಗ್ಗೆ ಬರೆದ ಗ್ರಂಥದಲ್ಲಿ ಇದಕ್ಕೆ ಐದು ಒರೆಗಲ್ಲುಗಳನ್ನು ಕೊಟ್ಟರು. ಇಂದಿಗೂ ಸಂಶೋಧಕರು ಹೆಚ್ಚಾಗಿ ಬಳಸುವುದು ಇವನ್ನೇ.

ಮೊದಲನೆಯದು, ಆ ಕ್ಷಣದಲ್ಲಿ ಅದರಿಂದ ಹೊಟ್ಟೆ ತುಂಬುವಂಥ, ಜೀವ ಉಳಿಯುವಂಥ ನೇರ ಲಾಭ ಪೂರ್ತಿಯಾಗಿ ಕಾಣಬಾರದು. ಎರಡನೆಯದು, ಅದು ತಾನಾಗಿ ಹುಟ್ಟಬೇಕು. ಮಾಡುವುದೇ ಮಾಡಿದ್ದಕ್ಕೆ ಪ್ರತಿಫಲವಾಗಬೇಕು. ಮೂರನೆಯದು, ನಿಜವಾದ ಕೆಲಸಕ್ಕಿಂತ ಅದರ ರೂಪ ಬೇರೆಯಾಗಿರಬೇಕು. ಜಗಳದಂತೆ ಕಂಡರೂ ಪೆಟ್ಟು ಬೀಳಬಾರದು, ಓಟದಂತೆ ಕಂಡರೂ ಅಟ್ಟಿ ಬರುವ ಶತ್ರು ಇರಬಾರದು. ನಾಲ್ಕನೆಯದು, ಅದು ಮತ್ತೆ ಮತ್ತೆ ನಡೆಯಬೇಕು, ಆದರೆ ಗಡಿಯಾರದ ಲೋಲಕದಂತೆ ಒಂದೇ ರೀತಿ ಇರಬಾರದು. ಐದನೆಯದು, ಪ್ರಾಣಿ ಹಸಿವು, ರೋಗ, ಭಯಗಳಿಲ್ಲದೆ ನಿರಾಳವಾಗಿದ್ದಾಗ ಅದು ನಡೆಯಬೇಕು.

ಈ ಐದರಲ್ಲಿ ಕೊನೆಯ ಎರಡನ್ನು ನೆನಪಿಟ್ಟುಕೊಂಡರೆ ಸಾಕು. ಮೃಗಾಲಯದ ಆನೆಯ ಕಥೆಯ ಬಹುಭಾಗ ಅವೆರಡರಲ್ಲೇ ಇದೆ.

‘ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯನ್ನೂ ಇಲ್ಲಿ ನೆನೆಯಬಹುದು. ಆಟವಾಗಲು ಆಡುವ ಇಬ್ಬರಿಗೂ ಅದು ಆಟವೆಂದು ತಿಳಿದಿರಬೇಕು. ಆನೆಗಳು ಇದನ್ನು ಪರಸ್ಪರ ತಿಳಿಸಲು ತಮ್ಮದೇ ಸಂಜ್ಞೆಗಳನ್ನು ಇಟ್ಟುಕೊಂಡಿವೆ.

ಅಂಬೋಸೆಲಿಯ ಪಾಠ

ಮೃಗಾಲಯದ ಆನೆಯನ್ನು ಅರಿಯಲು ಮೊದಲು ಕಾಡಿನ ಆನೆಯನ್ನು ನೋಡಬೇಕು. ಕೀನ್ಯಾ ದೇಶದ ಅಂಬೋಸೆಲಿ ರಾಷ್ಟ್ರೀಯ ಉದ್ಯಾನದಲ್ಲಿ ಸಿಂಥಿಯಾ ಮಾಸ್ 1972ರಲ್ಲಿ ಆರಂಭಿಸಿದ ಅಧ್ಯಯನ ಆನೆಗಳ ಬಗ್ಗೆ ನಡೆದಿರುವ ಅತಿ ದೀರ್ಘ ಅಧ್ಯಯನಗಳಲ್ಲಿ ಒಂದು. ಅಲ್ಲಿನ ಆನೆಗಳನ್ನು ಒಂದೊಂದಾಗಿ ಗುರುತಿಸಿ, ಅಜ್ಜಿ, ಮಗಳು, ಮೊಮ್ಮಗಳೆಂದು ವಂಶಾವಳಿ ಬರೆದು, ಹುಟ್ಟು ಸಾವುಗಳ ಲೆಕ್ಕ ಇಡಲಾಗಿದೆ. ಜಾಯ್ಸ್ ಪೂಲ್, ಫಿಲಿಸ್ ಲೀ ಮುಂತಾದವರು ಅಲ್ಲಿಯೇ ವರ್ಷಗಟ್ಟಲೆ ಕುಳಿತು ಆನೆಗಳ ಆಟವನ್ನೂ ದಾಖಲಿಸಿದರು.

ಅವರ ವಿವರಗಳಿಂದ ಮೂಡುವ ಚಿತ್ರ ಸ್ವಾರಸ್ಯವಾಗಿದೆ. ಆಟಕ್ಕೆ ಇಳಿದ ಆನೆಯ ಮೈಯೆಲ್ಲ ಸಡಿಲವಾಗುತ್ತದೆ. ಕಿವಿಗಳು ಜೋಲಾಡುತ್ತವೆ, ತಲೆ ಅತ್ತಿತ್ತ ಒಲೆದಾಡುತ್ತದೆ, ಸೊಂಡಿಲು ಹಗ್ಗದ ತುಂಡಿನಂತೆ ಎತ್ತೆತ್ತಲೋ ಬೀಸಾಡುತ್ತದೆ. ಸಿಟ್ಟಿಗೆದ್ದ ಆನೆ ಹೀಗಿರುವುದಿಲ್ಲ. ಅದು ತಲೆ ಎತ್ತಿ, ಕಿವಿ ಅಗಲಿಸಿ, ಮೈ ಬಿಗಿದು ನಿಲ್ಲುತ್ತದೆ. ಆಡುವ ಆನೆ ಇಲ್ಲದ ಶತ್ರುವಿನ ಮೇಲೆ ಏರಿ ಹೋಗುತ್ತದೆ, ಪೊದೆಯನ್ನು ಬಡಿಯುತ್ತದೆ, ಬೆಳ್ಳಕ್ಕಿಗಳನ್ನು ಅಟ್ಟುತ್ತದೆ, ಮಂಡಿಯೂರಿ ಕೆಸರಿನಲ್ಲಿ ಜಾರುತ್ತದೆ. ನಡುನಡುವೆ ತುಂಡು ತುಂಡಾಗಿ ಘೀಳಿಡುತ್ತದೆ.

ಎಲ್ಲಕ್ಕಿಂತ ಚೆಂದದ ಸಂಗತಿ ದೊಡ್ಡವರು ಚಿಕ್ಕವರಿಗಾಗಿ ಕುಗ್ಗುವುದು. ಮೈಯಲ್ಲಿ ಬಲವಿರುವ ಹರೆಯದ ಆನೆ ಮರಿಯ ಮುಂದೆ ಮಂಡಿ ಊರುತ್ತದೆ, ಕೆಲವೊಮ್ಮೆ ಮಲಗಿಯೇ ಬಿಡುತ್ತದೆ. ಮರಿ ಅದರ ಬೆನ್ನ ಮೇಲೆ ಹತ್ತಿ ಉರುಳುತ್ತದೆ. ಅಜ್ಜ ಮೊಮ್ಮಗನಿಗೆ ಕುದುರೆಯಾಗುವಂತೆ! ‘ನನ್ನ ಬಲವನ್ನು ಬದಿಗಿಟ್ಟಿದ್ದೇನೆ, ಬಾ’ ಎಂಬ ಆಹ್ವಾನ ಇದು.

ಇನ್ನೊಂದು ಅಂಶ ಮುಖ್ಯ. ಆನೆಗಳು ಎಲ್ಲ ಕಾಲದಲ್ಲೂ ಒಂದೇ ಸಮನೆ ಆಡುವುದಿಲ್ಲ. ಮಳೆ ಬಂದು, ಹುಲ್ಲು ಚಿಗುರಿ, ಹೊಟ್ಟೆ ತುಂಬಿದ ದಿನಗಳಲ್ಲಿ ಮರಿಗಳಷ್ಟೇ ಅಲ್ಲ, ವಯಸ್ಸಾದ ಹೆಣ್ಣಾನೆಗಳೂ ಓಡಾಡಿ ಆಡುತ್ತವೆ. ಬರ ಬಿದ್ದಾಗ ಆಟ ಕಡಿಮೆಯಾಗುತ್ತದೆ. ಆಟ ಎಂಬುದು ಉಳಿಕೆಯ ಖರ್ಚು. ಗಂಟಿನಲ್ಲಿ ಏನಾದರೂ ಉಳಿದಿದ್ದರೆ ಮಾತ್ರ ಖರ್ಚಾಗುತ್ತದೆ. ಹಾಗಾಗಿಯೇ ಅದು ಗಂಟಿನ ಅಳತೆಯನ್ನೂ ಹೇಳುತ್ತದೆ.

ಸೊಂಡಿಲು ಕಲಿಯುವ ಶಾಲೆ

ಇಷ್ಟಕ್ಕೂ ಆನೆ ಆಡುವುದೇಕೆ? ತಾಯಿಯ ಹೊಟ್ಟೆಯಲ್ಲಿ ಸುಮಾರು 22 ತಿಂಗಳು ಇದ್ದು, ಸುಮಾರು 100 ಕಿಲೋ ತೂಕದೊಂದಿಗೆ ಭೂಮಿಗೆ ಬೀಳುವ ಮರಿಗೆ ಎದ್ದು ನಿಲ್ಲಲು ಹೆಚ್ಚು ಹೊತ್ತು ಬೇಡ. ಆದರೆ ಮುಖದ ಮುಂದೆ ಜೋತಾಡುವ ಸೊಂಡಿಲನ್ನು ಏನು ಮಾಡಬೇಕೆಂದು ಅದಕ್ಕೆ ತಿಳಿಯದು. ತಾನೇ ಅದನ್ನು ತುಳಿದುಕೊಂಡು ಎಡವುತ್ತದೆ. ಮಗು ಬೆರಳು ಚೀಪುವಂತೆ ಬಾಯಿಗಿಟ್ಟು ಚೀಪುತ್ತದೆ. ನೀರು ಕುಡಿಯಲು ಸೊಂಡಿಲು ಬಳಸಲು ಬಾರದೆ ಮಂಡಿಯೂರಿ ಬಾಯಿಯಿಂದಲೇ ಕುಡಿಯುತ್ತದೆ. ಅದರ ಬಳಕೆ ಕೈಹತ್ತಲು ತಿಂಗಳುಗಳೇ ಬೇಕು.

ಇದರಲ್ಲಿ ಅಚ್ಚರಿಯಿಲ್ಲ. ಸೊಂಡಿಲಿನಲ್ಲಿ ಒಂದು ಮೂಳೆಯೂ ಇಲ್ಲ. ಬರ್ಲಿನ್ನಿನ ವಿಜ್ಞಾನಿಗಳು ಏಷ್ಯಾ ಆನೆಯ ಮರಿಯೊಂದರ ಸೊಂಡಿಲನ್ನು ಸೂಕ್ಷ್ಮವಾಗಿ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಅದರಲ್ಲಿ ಸುಮಾರು 90,000 ಸ್ನಾಯುಕಟ್ಟುಗಳಿವೆ. ಮರವನ್ನೂ ಉರುಳಿಸಬಲ್ಲ, ನೆಲದ ಮೇಲಿನ ಸಣ್ಣ ಕಾಳನ್ನೂ ಹೆಕ್ಕಬಲ್ಲ ಈ ಅಂಗವನ್ನು ಹುಟ್ಟುವಾಗಲೇ ಕಲಿತು ಬರುವುದು ಸಾಧ್ಯವಿಲ್ಲ. ಕಡ್ಡಿ ಎತ್ತಿ ಬಿಸಾಡುವುದು, ಅಕ್ಕನ ಬಾಲ ಹಿಡಿದೆಳೆಯುವುದು, ಇನ್ನೊಂದು ಮರಿಯ ಸೊಂಡಿಲಿಗೆ ಸೊಂಡಿಲು ಹೆಣೆಯುವುದು, ಇವೆಲ್ಲ ಆ ಕಲಿಕೆಯ ಪಾಠಗಳು.

ಆಟ ಕೈಗಷ್ಟೇ ಅಲ್ಲ, ಸಂಬಂಧಕ್ಕೂ ಶಾಲೆ. ಹೆಣ್ಣುಮರಿಗಳು ಹೆಚ್ಚಾಗಿ ತಮ್ಮ ಕುಟುಂಬದೊಳಗೆ ಆಡುತ್ತವೆ. ಮುಂದೆ ಬದುಕುವುದೂ ಅದೇ ಕುಟುಂಬದಲ್ಲಿ. ಗಂಡುಮರಿಗಳು ಹೊರಗಿನ ಮರಿಗಳನ್ನು ಹುಡುಕಿಕೊಂಡು ಹೋಗಿ ಬಲ ಪರೀಕ್ಷಿಸುತ್ತವೆ; ಹರೆಯ ಬಂದಾಗ ಕುಟುಂಬ ಬಿಟ್ಟು ಅಪರಿಚಿತ ಸಲಗಗಳ ನಡುವೆ ಬಾಳಬೇಕಾದವು ಅವು. ಯಾರ ಎದುರು ನಿಲ್ಲಬಹುದು, ಯಾರಿಗೆ ದಾರಿ ಬಿಡಬೇಕು ಎಂಬುದನ್ನು ರಕ್ತ ಹರಿಯದ ರೀತಿಯಲ್ಲಿ ಕಲಿಸುವುದು ಈ ತಳ್ಳಾಟವೇ.

ಬುದ್ಧಿಗೂ ಆಟಕ್ಕೂ ನಂಟಿದೆ. ವಾಷಿಂಗ್ಟನ್‌ನ ರಾಷ್ಟ್ರೀಯ ಮೃಗಾಲಯದಲ್ಲಿ 2001ರಲ್ಲಿ ಹುಟ್ಟಿದ ಕಂಡುಲ ಎಂಬ ಏಷ್ಯಾ ಆನೆಯ ಮೇಲೆ ನಡೆದ ಪ್ರಯೋಗದ ವರದಿ 2011ರಲ್ಲಿ ಪ್ರಕಟವಾಯಿತು. ಸೊಂಡಿಲಿಗೆ ನಿಲುಕದ ಎತ್ತರದಲ್ಲಿ ಹಣ್ಣು ಸಿಕ್ಕಿಸಿದ ಕೊಂಬೆಗಳನ್ನು ತೂಗುಹಾಕಲಾಗಿತ್ತು. ಕೋಲು ಕೊಟ್ಟರೆ ಕಂಡುಲ ಅದರಿಂದ ಹಣ್ಣು ಕೀಳಲು ಪ್ರಯತ್ನಿಸಲಿಲ್ಲ. ಆದರೆ ಒಂದು ದಿನ ಆವರಣದಲ್ಲಿದ್ದ ದೊಡ್ಡ ಪೆಟ್ಟಿಗೆಯನ್ನು ತಾನಾಗಿ ಉರುಳಿಸಿಕೊಂಡು ಬಂದು, ಅದರ ಮೇಲೆ ಮುಂಗಾಲಿಟ್ಟು ಹಣ್ಣು ಕಿತ್ತುಕೊಂಡಿತು. ಯಾರೂ ಕಲಿಸಿರಲಿಲ್ಲ. ಆವರಣದಲ್ಲಿ ಉರುಳಿಸಲು ಒಂದು ವಸ್ತುವಿದ್ದರೆ ಆನೆಗೆ ಅದು ಎಷ್ಟು ದೂರದವರೆಗೆ ಒದಗಬಲ್ಲದು ಎಂಬುದಕ್ಕೆ ಇದೊಂದು ಉದಾಹರಣೆ.

ಬರ್ಲಿನ್ನಿನ ನೀರಿನ ಪೈಪು

ಆಟವನ್ನು ಗುರುತಿಸುವುದು ಎಷ್ಟು ಸೂಕ್ಷ್ಮ ಎಂಬುದಕ್ಕೆ ಬರ್ಲಿನ್ ಮೃಗಾಲಯದಿಂದ 2024ರ ನವೆಂಬರ್‌ನಲ್ಲಿ ಬಂದ ವರದಿ ಒಳ್ಳೆಯ ನಿದರ್ಶನ. ಅಲ್ಲಿ ಮೇರಿ ಎಂಬ 54 ವರ್ಷದ ಏಷ್ಯಾ ಆನೆ ಪಾಲಕರು ಕೊಟ್ಟ ನೀರಿನ ಪೈಪನ್ನು ಸೊಂಡಿಲಿನಲ್ಲಿ ಹಿಡಿದು ತಾನೇ ಸ್ನಾನ ಮಾಡುತ್ತದೆ. ಪಕ್ಕೆಗೆ ನೀರು ಬೇಕಾದರೆ ಪೈಪಿನ ತುದಿಯ ಹತ್ತಿರ ಹಿಡಿಯುತ್ತದೆ. ಬೆನ್ನಿಗೆ ಬೇಕಾದರೆ ಹಿಂದೆ ಸರಿದು ಹಿಡಿದು, ದನಗಾಹಿ ಹಗ್ಗ ಬೀಸಿದಂತೆ ತುದಿಯನ್ನು ಬೆನ್ನ ಮೇಲೆ ಬೀಸುತ್ತದೆ. ಹಿಂಗಾಲು ತೊಳೆಯಲು ಅದನ್ನು ಎತ್ತಿ ಹಿಡಿಯುತ್ತದೆ.

ಇದು ಜಾಣತನವೇ ಸರಿ. ಆದರೆ ಕೌತುಕ ಇರುವುದು ಪಕ್ಕದಲ್ಲಿದ್ದ ಅಂಚಲಿಯಲ್ಲಿ. 2012ರಲ್ಲಿ ಅದೇ ಮೃಗಾಲಯದಲ್ಲಿ ಹುಟ್ಟಿದ ಈ ಹರೆಯದ ಹೆಣ್ಣಾನೆಗೂ ಮೇರಿಗೂ ಅಷ್ಟಾಗಿ ಹೊಂದುತ್ತಿರಲಿಲ್ಲ. ಮೇರಿ ಸ್ನಾನ ಮಾಡುವಾಗ ಅಂಚಲಿ ಪೈಪನ್ನು ತನ್ನತ್ತ ಎಳೆದು, ಎತ್ತಿ, ಮಡಚಿ, ಮಡಿಕೆಯನ್ನು ಅದುಮಿ ಹಿಡಿಯಲು ಕಲಿತಿತು. ನೀರು ನಿಂತುಹೋಗುತ್ತಿತ್ತು. ನಿಧಾನವಾಗಿ ಈ ವಿದ್ಯೆಯಲ್ಲಿ ಅದು ಪಳಗಿತು. ಮಡಚಿದ್ದು ಸಾಲದೆ ಸೊಂಡಿಲನ್ನು ಪೈಪಿನ ಮೇಲಿಟ್ಟು ಮೈಭಾರ ಬಿಟ್ಟು ಒತ್ತುವ ಹೊಸ ಪಟ್ಟನ್ನೂ ಕಂಡುಹಿಡಿಯಿತು.

ಇದು ಹಿರಿಯಳ ಮೇಲಿನ ಸೇಡೋ, ಇಲ್ಲ ತುಂಟಾಟವೋ? ಮೈಕೆಲ್ ಬ್ರೆಕ್ಟ್, ಲೇನಾ ಕಾಫ್‌ಮನ್ ಮತ್ತು ಸಂಗಡಿಗರು ಪರೀಕ್ಷೆ ಮಾಡಿ ನೋಡಿದರು. ಎರಡು ಪೈಪುಗಳನ್ನು ಇಟ್ಟು, ಅಂಚಲಿ ಮೇರಿಯ ಕೈಯಲ್ಲಿರುವುದನ್ನೇ ಆರಿಸಿ ಮಡಚುತ್ತದೆಯೇ ಎಂದು ಗಮನಿಸಿದರು. ಅಂಚಲಿ ಹೆಚ್ಚಾಗಿ ತನಗೆ ಹತ್ತಿರವಿದ್ದ ಪೈಪನ್ನೇ ಹಿಡಿಯಿತು. ಹಾಗಾಗಿ ಬೇಕೆಂದೇ ನೀರು ತಡೆಯಿತು ಎಂದು ಸಾಧಿಸಲು ಆಗಲಿಲ್ಲ. ವಿಜ್ಞಾನಿಗಳು ಪ್ರಶ್ನೆಯನ್ನು ತೆರೆದೇ ಇಟ್ಟರು.

ಅಂಚಲಿಯ ಪೈಪಿನಾಟವನ್ನು ಐದು ಒರೆಗಲ್ಲುಗಳಿಗೆ ಉಜ್ಜಿ ನೋಡಿ. ಯಾರೂ ಹೇಳಿಕೊಟ್ಟದ್ದಲ್ಲ. ತಿನ್ನಲು ಏನೂ ಸಿಗುವುದಿಲ್ಲ. ಮತ್ತೆ ಮತ್ತೆ ಮಾಡುತ್ತದೆ, ಮಾಡುವ ಬಗೆಯನ್ನು ಬದಲಿಸುತ್ತ ಹೋಗುತ್ತದೆ. ಆಟದ ಲಕ್ಷಣಗಳು ಇಲ್ಲಿ ತುಂಬಾ ಇವೆ. ಉತ್ತರ ಏನೇ ಇರಲಿ, ಒಂದು ಮಾತು ಸ್ಪಷ್ಟ. ಕೀಟಲೆ ಮಾಡಲು ಪಕ್ಕದಲ್ಲಿ ಇನ್ನೊಂದು ಆನೆ ಇರಬೇಕು.

ತೂಗುವ ಆನೆ ಕುಣಿಯುತ್ತಿಲ್ಲ

ಈಗ ಜನರ ಚಪ್ಪಾಳೆ ಗಿಟ್ಟಿಸುವ ಮೂರನೆಯ ಆನೆಯ ಬಳಿಗೆ ಬರೋಣ. ತಲೆ ತೂಗುವುದು, ಮೈಯನ್ನು ಪಕ್ಕದಿಂದ ಪಕ್ಕಕ್ಕೆ ಒಲೆಯುವುದು, ನಾಲ್ಕು ಹೆಜ್ಜೆ ಮುಂದೆ ನಾಲ್ಕು ಹೆಜ್ಜೆ ಹಿಂದೆ ಇಡುವುದು, ಇವು ಗಂಟೆಗಟ್ಟಲೆ ಒಂದಿಷ್ಟೂ ಬದಲಾಗದೆ ನಡೆದರೆ ಅದು ಆಟವಲ್ಲ, ಗೀಳು. ಆಟದಲ್ಲಿ ಮುಂದಿನ ಗಳಿಗೆ ಏನಾಗುವುದೋ ತಿಳಿಯದು. ಗೀಳಿನಲ್ಲಿ ಮುಂದಿನ ಗಳಿಗೆ ಏನಾಗುವುದೆಂದು ನೋಡುವವರಿಗೆ ಮೊದಲೇ ಗೊತ್ತು. ಇದೇ ಎರಡಕ್ಕೂ ಇರುವ ಅಂತರ.

ಈ ಚಲನೆ ಬಂಧನದಲ್ಲಿ ಬೆಳೆಯುವಂಥದು. ದಿನದ ಬಹುಪಾಲು ನಡೆಯುತ್ತ, ಮೇಯುತ್ತ, ಸಂಗಾತಿಗಳೊಡನೆ ಮಾತಾಡುತ್ತ ಕಳೆಯಬೇಕಾದ ಪ್ರಾಣಿ ಸರಪಳಿಯಲ್ಲೋ ಕಿರಿದಾದ ಲಾಯದಲ್ಲೋ ನಿಂತರೆ ಅದರ ಮೈಯ ಒತ್ತಡ ಹೀಗೆ ದಾರಿ ಹುಡುಕಿಕೊಳ್ಳುತ್ತದೆ. ಒಮ್ಮೆ ಅಂಟಿದ ಗೀಳು ಒಳ್ಳೆಯ ಜಾಗಕ್ಕೆ ಹೋದ ಮೇಲೂ ಉಳಿಯಬಹುದು. ಆದ್ದರಿಂದ ತೂಗುವ ಆನೆಯನ್ನು ಕಂಡ ಮಾತ್ರಕ್ಕೆ ಇಂದಿನ ಪಾಲಕರನ್ನು ದೂರುವುದು ಸರಿಯಲ್ಲ. ಅದು ಹಿಂದೆಂದೋ ಸರ್ಕಸ್ಸಿನಲ್ಲಿ ಕಳೆದ ದಿನಗಳ ಗಾಯದ ಕಲೆಯೂ ಆಗಿರಬಹುದು.

ಇದು ಎಲ್ಲೋ ಒಂದೆರಡು ಆನೆಗಳ ಮಾತೂ ಅಲ್ಲ. ಉತ್ತರ ಅಮೆರಿಕದ 39 ಮೃಗಾಲಯಗಳ 89 ಆನೆಗಳನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡ 85ರಷ್ಟು ಆನೆಗಳಲ್ಲಿ ಇಂಥ ವರ್ತನೆ ಕಂಡುಬಂತು. ಹಗಲಿನಲ್ಲಿ ಮೇವು ತಿನ್ನುವುದನ್ನು ಬಿಟ್ಟರೆ ಅವು ಹೆಚ್ಚಾಗಿ ಮಾಡುತ್ತಿದ್ದ ಕೆಲಸ ಇದೇ. ಆ ಅಧ್ಯಯನ ಕಾರಣಗಳನ್ನೂ ಹುಡುಕಿತು. ಆನೆಯನ್ನು ಬೇರೆಯಾಗಿ ಇಟ್ಟ ಸಮಯ ಹೆಚ್ಚಾದಷ್ಟೂ ಈ ವರ್ತನೆ ಹೆಚ್ಚು. ಎಳೆಯ ಆನೆಗಳ ಜೊತೆ ಕಳೆದ ಸಮಯ ಹೆಚ್ಚಾದಷ್ಟೂ ಅದು ಕಡಿಮೆ. ಗುಂಪಿನಲ್ಲಿ ಮರಿಯೊಂದಿದ್ದರೆ ದೊಡ್ಡವಕ್ಕೂ ಮಾಡಲು ಕೆಲಸವಿರುತ್ತದೆ ಎಂದು ಮನೆ ತುಂಬ ಮಕ್ಕಳಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಹಿರಿಯರಿಗೂ ಇದರ ಅರಿವಿತ್ತು. ನೀಲಕಂಠನೆಂಬ ಪಂಡಿತ ರಚಿಸಿದ ಸಂಸ್ಕೃತದ ಗಜಶಾಸ್ತ್ರ ಗ್ರಂಥಕ್ಕೆ ‘ಮಾತಂಗಲೀಲಾ’ ಎಂದು ಹೆಸರು. ಆನೆಯ ಲೀಲೆ ಎಂದೇ ಅರ್ಥ. ಕಾಡಿನಿಂದ ಹಿಡಿದು ಊರಿಗೆ ತಂದು ಕಟ್ಟಿದ ಆನೆ, ಕೊಳಗಳಲ್ಲಿ ಮುಳುಗಿ ಆಡಿದ ದಿನಗಳನ್ನೂ ಸಂಗಾತಿಗಳನ್ನೂ ನೆನೆದು ಕೊರಗಿ ಸೊರಗುವುದನ್ನು ಅದು ವಿವರಿಸುತ್ತದೆ. ಲೀಲೆ ಎಂಬುದು ಆನೆಗೆ ಮೇವಿನಷ್ಟೇ ಅಗತ್ಯವೆಂದು ತಿಳಿದವರ ಮಾತು ಅದು.

ಪ್ರದರ್ಶನದ ಆಟ

ಗೀಳನ್ನು ಆಟವೆಂದು ತಿಳಿಯುವುದು ಒಂದು ತಪ್ಪಾದರೆ, ಕಲಿಸಿದ ಕಸರತ್ತನ್ನು ಆಟವೆಂದು ತಿಳಿಯುವುದು ಇನ್ನೊಂದು. ಚೆಂಡು ಒದೆಯುವುದು, ಸ್ಟೂಲಿನ ಮೇಲೆ ಕೂರುವುದು, ಸೊಂಡಿಲೆತ್ತಿ ಸಲಾಮು ಹೊಡೆಯುವುದು, ಇವುಗಳ ಹಿಂದೆ ಅಂಕುಶವೋ ಬೆಲ್ಲವೋ ಇರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗಜವಾಹ್ಯಾಲಿ ಎಂಬ ಆನೆಯ ಮೈದಾನದ ಕ್ರೀಡೆಗೆ ಸ್ಥಾನವಿದೆ. ಅದನ್ನು ಗ್ರಂಥಕಾರ ಸೇರಿಸಿರುವುದು ರಾಜರ ವಿನೋದಗಳ ಪಟ್ಟಿಯಲ್ಲಿ. ವಿನೋದ ಅರಸನದು, ಆನೆಯದಲ್ಲ.

ಕಸರತ್ತಿಗೂ ಆಟಕ್ಕೂ ಇರುವ ದೂರ ಎಷ್ಟೆಂಬುದನ್ನು ಟೋಕಿಯೋದ ಉಯೆನೊ ಮೃಗಾಲಯದ ಇತಿಹಾಸ ಕಟುವಾಗಿ ಹೇಳುತ್ತದೆ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಬಾಂಬು ಬಿದ್ದರೆ ಪ್ರಾಣಿಗಳು ತಪ್ಪಿಸಿಕೊಂಡಾವು ಎಂಬ ಕಾರಣ ಕೊಟ್ಟು ಅಲ್ಲಿನ ದೊಡ್ಡ ಪ್ರಾಣಿಗಳನ್ನು ಕೊಲ್ಲಲು ಆಜ್ಞೆಯಾಯಿತು. ಮೂರು ಆನೆಗಳಿಗೆ ಮೇವು ನಿಲ್ಲಿಸಲಾಯಿತು. ಪಾಲಕರು ಹತ್ತಿರ ಬಂದಾಗಲೆಲ್ಲ ಆ ಆನೆಗಳು ನಿಲ್ಲಲಾರದ ಸ್ಥಿತಿಯಲ್ಲೂ ಹಿಂದೆ ಕಲಿತ ಕಸರತ್ತುಗಳನ್ನು ಮಾಡಿ ತೋರಿಸುತ್ತಿದ್ದವು ಎಂದು ಆ ಘಟನೆಯ ಕಥನಗಳು ಹೇಳುತ್ತವೆ. ಕಸರತ್ತು ಮಾಡಿದರೆ ತಿನ್ನಲು ಸಿಗುತ್ತದೆ ಎಂದಷ್ಟೇ ಅವಕ್ಕೆ ಗೊತ್ತಿತ್ತು. ಮೂರೂ ಹಸಿವಿನಿಂದ ಸತ್ತವು.

ಯುದ್ಧ ಮುಗಿದ ಮೇಲೆ ಆನೆಯನ್ನೇ ಕಾಣದ ಟೋಕಿಯೋದ ಮಕ್ಕಳ ಕೋರಿಕೆಯಂತೆ ಪ್ರಧಾನಿ ಜವಾಹರಲಾಲ್ ನೆಹರೂ 1949ರಲ್ಲಿ ಉಯೆನೊಗೆ ಒಂದು ಹೆಣ್ಣಾನೆಯನ್ನು ಕಳುಹಿಸಿದರು. ಇಂದಿರಾ ಎಂಬ ಆ ಆನೆ ಹೋದದ್ದು ಮೈಸೂರಿನಿಂದ. ಅದಕ್ಕೆ ತಿಳಿಯುತ್ತಿದ್ದದ್ದು ಕನ್ನಡದ ಮಾತು. ಜೊತೆಗೆ ಹೋಗಿದ್ದ ಮಾವುತರಿಂದ ಜಪಾನಿನ ಪಾಲಕರು ಅದನ್ನು ಕಲಿಯಬೇಕಾಯಿತು. ಇಂದಿರಾ 1983ರವರೆಗೆ ಅಲ್ಲಿ ಬಾಳಿತು.

ಆನೆಗೆ ಮನುಷ್ಯರ ಮಾತು ತಿಳಿಯುವುದು ಹೊಸದಲ್ಲ, ಮಾತಾಡುವುದು? ದಕ್ಷಿಣ ಕೊರಿಯಾದ ಎವರ್‌ಲ್ಯಾಂಡ್ ಮೃಗಾಲಯದ ಕೋಶಿಕ್ ಎಂಬ ಗಂಡಾನೆ ಸೊಂಡಿಲಿನ ತುದಿಯನ್ನು ಬಾಯೊಳಗೆ ಇಟ್ಟು ಕೊರಿಯಾ ಭಾಷೆಯ ಐದು ಪದಗಳನ್ನು ಅನುಕರಿಸುತ್ತದೆ ಎಂದು ಆಂಜೆಲಾ ಸ್ಟೋಗರ್ ಮತ್ತು ಸಂಗಡಿಗರು 2012ರಲ್ಲಿ ವರದಿ ಮಾಡಿದರು. ‘ನಮಸ್ಕಾರ’, ‘ಕೂರು’, ‘ಇಲ್ಲ’, ‘ಮಲಗು’, ‘ಒಳ್ಳೆಯದು’ ಎಂಬರ್ಥದ ಪದಗಳು ಅವು. ಕೇಳಿದ ಜನಕ್ಕೆ ಇದು ತಮಾಷೆಯಾಗಿ ಕಂಡಿತು. ವಿಜ್ಞಾನಿಗಳು ಅದರ ಹಿಂದಿನ ಕಥೆ ನೋಡಿದರು. ಎಳೆಯ ವಯಸ್ಸಿನಲ್ಲಿ ಸುಮಾರು ಐದು ವರ್ಷ ಕೋಶಿಕ್ ಅಲ್ಲಿದ್ದ ಏಕಮಾತ್ರ ಆನೆ. ಒಡನಾಡಲು ಇದ್ದವರು ಮನುಷ್ಯರು ಮಾತ್ರ. ಅವರೊಡನೆ ಸಂಬಂಧ ಕಟ್ಟಿಕೊಳ್ಳಲು ಅದು ಅವರ ದನಿಯನ್ನೇ ಎರವಲು ಪಡೆದಿರಬೇಕು ಎಂಬುದು ಅವರ ಅಭಿಪ್ರಾಯ. ಜನ ತಮಾಷೆ ಎಂದುಕೊಂಡದ್ದರ ಬೇರು ಒಂಟಿತನದಲ್ಲಿತ್ತು.

ಆಟಕ್ಕೆ ಬೇಕಾದ್ದೇನು?

ಹಾಗಾದರೆ ಮೃಗಾಲಯದಲ್ಲಿ ನಿಜವಾದ ಆಟ ಸಾಧ್ಯವೇ ಇಲ್ಲವೇ? ಇದೆ. ಆದರೆ ಅದಕ್ಕೆ ಬೇಕಾದದ್ದು ಚೆಂಡು, ಟೈರುಗಳಷ್ಟೇ ಅಲ್ಲ. ಮೊದಲು ಬೇಕಾದದ್ದು ಸಂಗಾತಿಗಳು. ವಯಸ್ಸಿನಲ್ಲಿ ಹೆಚ್ಚು ಕಡಿಮೆ ಇರುವ, ಸಾಧ್ಯವಾದರೆ ಸಂಬಂಧದಲ್ಲಿ ಒಂದಾದ ಗುಂಪು. ಆಮೇಲೆ ಕಾಂಕ್ರೀಟಿನ ಬದಲು ಮಣ್ಣಿನ ನೆಲ, ಹೊರಳಲು ಕೆಸರು, ಮುಳುಗಲು ಆಳದ ನೀರು, ಮೈ ಉಜ್ಜಲು ಮರ. ಮೇವನ್ನು ಒಂದೇ ರಾಶಿಯಾಗಿ ಸುರಿಯದೆ ಎತ್ತರಕ್ಕೆ ಕಟ್ಟಿ, ಮಣ್ಣಿನಲ್ಲಿ ಹೂತು, ದಿಮ್ಮಿಯ ತೂತಿನಲ್ಲಿ ತುರುಕಿ ಹುಡುಕಿ ತಿನ್ನುವಂತೆ ಮಾಡುವುದೂ ಉಂಟು. ಶಿವಮೊಗ್ಗದ ಬಳಿ ತುಂಗಾ ತೀರದ ಸಕ್ರೆಬೈಲು ಶಿಬಿರದಲ್ಲಿ ಆನೆಗಳನ್ನು ರಾತ್ರಿ ಕಾಡಿಗೆ ಮೇಯಲು ಬಿಟ್ಟು ಬೆಳಿಗ್ಗೆ ಮಾವುತರು ಕರೆತಂದು ಹೊಳೆಯಲ್ಲಿ ಮೀಯಿಸುವ ಪದ್ಧತಿ ಬೆಳೆದುಬಂದಿದೆ. ಗೋಡೆಯ ನಡುವಿನ ಮೃಗಾಲಯಕ್ಕೆ ಈ ಅನುಕೂಲವಿಲ್ಲ.

ಆಟವನ್ನೇ ಅಳತೆಗೋಲಾಗಿ ಬಳಸುವ ಪ್ರಯತ್ನವೂ ನಡೆದಿದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಗ್ರೆಗ್ ವಿಸಿನೊ ಮತ್ತು ಎಮಿಲಿ ಮಾರ್ಕಾಚಿ ಆಫ್ರಿಕಾ ಆನೆಗಳ ಆಟದ ತೀವ್ರತೆಯನ್ನು ಅಳೆಯುವ ವಿಧಾನವೊಂದನ್ನು 2015ರಲ್ಲಿ ಮುಂದಿಟ್ಟರು. ಆದರೆ ಆಟವೊಂದನ್ನೇ ನಂಬಿ ತೀರ್ಪು ಕೊಡಬಾರದೆಂದು ಎಲಿಜಬೆತ್ ವೆಬರ್ ಮತ್ತು ಫಿಲಿಸ್ ಲೀ 2020ರಲ್ಲಿ ಎಚ್ಚರಿಸಿದರು. ಬೇರೇನೂ ಮಾಡಲು ಇಲ್ಲದಾಗ ಬೇಸರ ಕಳೆಯಲೂ ಪ್ರಾಣಿ ಆಡಬಹುದಲ್ಲವೇ?

ಇನ್ನೂ ಕಠಿಣವಾದ ಪ್ರಶ್ನೆಯೊಂದಿದೆ. ಮರಿ ಹುಟ್ಟಿದರೆ ಗುಂಪೆಲ್ಲ ಆಡುತ್ತದೆ, ಜನವೂ ಸೇರುತ್ತಾರೆ. ಆದರೆ ಮರಿ ಮರಿಯಾಗಿಯೇ ಉಳಿಯುವುದಿಲ್ಲ. ಗಂಡುಮರಿ ಹರೆಯಕ್ಕೆ ಬಂದಾಗ ಅದನ್ನು ಎಲ್ಲಿಗೆ ಕಳುಹಿಸಬೇಕು? ಯುರೋಪಿನ ಮೃಗಾಲಯಗಳ ದಾಖಲೆಗಳನ್ನು ಆಧರಿಸಿ ರೋಸ್ ಕ್ಲಬ್, ಜಾರ್ಜಿಯಾ ಮೇಸನ್ ಮತ್ತಿತರರು 2008ರಲ್ಲಿ ಪ್ರಕಟಿಸಿದ ಲೆಕ್ಕ ಗಾಬರಿ ಹುಟ್ಟಿಸುವಂಥದು. ಮೃಗಾಲಯದಲ್ಲಿ ಹುಟ್ಟಿದ ಏಷ್ಯಾದ ಹೆಣ್ಣಾನೆಗಳ ಮಧ್ಯಮ ಆಯಸ್ಸು 18.9 ವರ್ಷ, ಮ್ಯಾನ್ಮಾರ್‌ನಲ್ಲಿ ಮರ ಎಳೆಯುವ ಕೆಲಸದ ಆನೆಗಳದ್ದು 41.7 ವರ್ಷ. ದುಡಿಯುವ ಆನೆಯೇ ಹೆಚ್ಚು ಬಾಳಿತು.

ಭಾರತದಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ 2009ರಲ್ಲಿ ಮೃಗಾಲಯ ಮತ್ತು ಸರ್ಕಸ್‌ಗಳಲ್ಲಿರುವ ಆನೆಗಳನ್ನು ಶಿಬಿರ ಹಾಗೂ ಪುನರ್ವಸತಿ ಕೇಂದ್ರಗಳಿಗೆ ಕಳುಹಿಸಬೇಕೆಂದು ಆದೇಶಿಸಿತು. ಅದು ಎಲ್ಲ ಕಡೆ ಪೂರ್ತಿ ಜಾರಿಯಾಗಲಿಲ್ಲ. ಜಿಂಬಾಬ್ವೆಯಿಂದ ರಾಷ್ಟ್ರಪತಿ ಶಂಕರ ದಯಾಳ ಶರ್ಮ ಅವರಿಗೆ ಕಾಣಿಕೆಯಾಗಿ ಬಂದ ಆಫ್ರಿಕಾದ ಗಂಡಾನೆ ಶಂಕರ ದೆಹಲಿ ಮೃಗಾಲಯದಲ್ಲಿ ಸಂಗಾತಿ ಸತ್ತ ಮೇಲೆ ವರ್ಷಗಟ್ಟಲೆ ಒಂಟಿಯಾಗಿ ಉಳಿಯಿತು. ವಿಷಯ ಹೈಕೋರ್ಟಿನವರೆಗೆ ಹೋಯಿತು. ಮೃಗಾಲಯಗಳ ಜಾಗತಿಕ ಸಂಘ 2024ರಲ್ಲಿ ದೆಹಲಿ ಮೃಗಾಲಯದ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಶಂಕರ ಸತ್ತಿತು. ಅದೇ ವರ್ಷದ ಜುಲೈನಲ್ಲಿ ಬೆಂಗಳೂರಿನ ಬನ್ನೇರುಘಟ್ಟ ಜೈವಿಕ ಉದ್ಯಾನದಿಂದ ನಾಲ್ಕು ಎಳೆಯ ಆನೆಗಳು ವಿಮಾನವೇರಿ ಜಪಾನಿನ ಹಿಮೇಜಿಗೆ ಹೋದವು. 1949ರಲ್ಲಿ ಒಂದು ಆನೆಯನ್ನು ಕಳುಹಿಸಿದ ನಾಡು ಈ ಬಾರಿ ನಾಲ್ಕನ್ನು ಒಟ್ಟಿಗೆ ಕಳುಹಿಸಿತು. ಆಡಲು ಜೊತೆಗಾರರಾದರೂ ಇದ್ದಾರೆ ಎಂಬುದೇ ಇಲ್ಲಿನ ಸಮಾಧಾನ.

ನೋಡುವವರು ಮಾಡಬಹುದಾದ ಕೆಲಸ ಸಣ್ಣದು, ಆದರೆ ನಿಷ್ಪ್ರಯೋಜಕವಲ್ಲ. ಆನೆಯ ಮುಂದೆ ಒಂದು ನಿಮಿಷದ ಬದಲು ಹತ್ತು ನಿಮಿಷ ನಿಂತು ನೋಡಬೇಕು. ಮೈ ಸಡಿಲವಾಗಿದೆಯೇ? ಮಾಡುವುದನ್ನು ಬದಲಿಸುತ್ತಿದೆಯೇ? ಇನ್ನೊಂದು ಆನೆಯನ್ನು ಕರೆಯುತ್ತಿದೆಯೇ, ಅದು ಬರುತ್ತಿದೆಯೇ? ಹೌದಾದರೆ ಅದು ಆಟ. ಕೂಗದೆ, ತಿಂಡಿ ಎಸೆಯದೆ ನೋಡಿ ಸಂತೋಷಪಡಬಹುದು. ಹತ್ತು ನಿಮಿಷವೂ ಒಂದೇ ತೂಗಾಟವಾದರೆ ಚಪ್ಪಾಳೆ ತಟ್ಟುವುದು ಬೇಡ. ಈ ಆನೆಗೆ ಜೊತೆ ಯಾರು, ರಾತ್ರಿ ಎಲ್ಲಿ ಇರುತ್ತದೆ, ದಿನಕ್ಕೆ ಎಷ್ಟು ನಡೆಯುತ್ತದೆ ಎಂದು ಅಲ್ಲಿನ ಸಿಬ್ಬಂದಿಯನ್ನು ವಿನಯದಿಂದ ಕೇಳಬಹುದು. ಟಿಕೆಟ್ ಕೊಂಡವರಿಗೆ ಅಷ್ಟು ಕೇಳುವ ಹಕ್ಕಿದೆ. ಪಕ್ಕದಲ್ಲಿ ನಿಂತ ಮಗುವಿಗೆ ಅದರ ಉತ್ತರವನ್ನು ಇದ್ದಂತೆ ಹೇಳುವುದೂ ಮೃಗಾಲಯಕ್ಕೆ ಹೋದದ್ದರ ಫಲವೇ.